ಡ್ರೈವರಿಗೆ ಟಿಕೆಟ್ ಬೇಡ

ಡೀಸೆಲ್ಲಿಗೆ ನೂರಿಪ್ಪತ್ತು ಪ್ಯಾಂಟು. ಎರಡು ರಾತ್ರಿಯ ರೂಮಿಗೆ ಎಂಬತ್ತು. ಊಟ ತಿಂಡಿಗೆ ಐವತ್ತು, ಅದೂ ಕೈ ಹಿಡಿದು ಖರ್ಚು ಮಾಡಿದರೆ. ಟೈಲರಮ್ಮ ಯಾವ ಖರ್ಚನ್ನೂ ದುಡ್ಡಲ್ಲಿ ಎಣಿಸುವವಳಲ್ಲ. ಎಷ್ಟು ಪ್ಯಾಂಟಿನ ಕಾಲು ಮಡಚಿ ಹೊಲಿದರೆ ಅದು ಹುಟ್ಟುತ್ತದೆ ಎನ್ನುವುದೇ ಅವಳ ಲೆಕ್ಕ.

ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಅವಳು ದಾರಿ ಬರೆದಿದ್ದಳು. ನದಿಯ ಪಕ್ಕದ ರಸ್ತೆ, ನಡುವೆ ನಾಲ್ಕು ಹಳೆಯ ಪೇಟೆಗಳು, ಗುಡ್ಡಗಳ ಮೇಲೆ ಏಳು ದುಂಡನೆ ಗುರುತು, ಏಳು ಕೋಟೆ. ಟೂರಿಸ್ಟ್ ವ್ಯಾನ್ ಓಡಿಸುತ್ತಿದ್ದ ಗಂಡ ಹೋದ ತಿಂಗಳು ಕೆಲಸ ಬಿಟ್ಟಾಗ, ಮಾಲೀಕರು ಮೂರು ದಿನ ವ್ಯಾನನ್ನು ಬಾಡಿಗೆಯಿಲ್ಲದೆ ಕೊಡುವುದಾಗಿ ಹೇಳಿದ್ದರು.

"ಇನ್ನು ಟಿಕೆಟ್ಟು," ಎಂದಳು, ತುಟಿಯಲ್ಲಿ ಕಚ್ಚಿದ್ದ ಗುಂಡುಸೂಜಿ ತೆಗೆದು. "ಕೋಟೆಗೆ ತಲಾ ಎರಡು ಪ್ಯಾಂಟು. ಇಬ್ಬರಿಗೆ ಇಪ್ಪತ್ತೆಂಟು."

"ಹದಿನಾಲ್ಕು," ಎಂದ ಗಂಡ. ಅವನು ಬಾಗಿಲ ಬಳಿ ಕೂತು ಷೂ ಒರೆಸುತ್ತಿದ್ದ.

"ಯಾಕೆ, ನಾನೇನು ನಿಮ್ಮ ಹೆಗಲ ಮೇಲೆ ಕೂತು ಹೋಗ್ತೀನಾ?"

"ಡ್ರೈವರಿಗೆ ಟಿಕೆಟ್ ಬೇಡ ಕಣೇ."

"ಹೌದಾ! ಫ್ರೀಯಾಗಿ ಬಿಡ್ತಾರಾ?"

"ಬಿಡೋದೇನು ಬಂತು. ಡ್ರೈವರ್ ಮೇಲೆ ಹೋಗಲ್ಲ, ಗಾಡಿ ಹತ್ರ ಇರ್ತಾನೆ. ನೀನು ನೋಡ್ಕೊಂಡು ಬಾ."

ಮೂಲೆಯಲ್ಲಿ ಇಸ್ತ್ರಿ ಹಾಕುತ್ತಿದ್ದ ನಾದಿನಿ ಕಿಸಕ್ಕೆಂದಳು. "ಅಣ್ಣ, ಈಗ ನೀನು ಡ್ರೈವರ್ ಅಲ್ಲಪ್ಪ. ಅತ್ತಿಗೆ ಗಂಡ ಅಷ್ಟೇ."

ಟೈಲರಮ್ಮನಿಗೆ ನಗು ಬರಲಿಲ್ಲ. ಮದುವೆಯಾಗಿ ಇಪ್ಪತ್ತಾರು ವರ್ಷ ಅವಳು ಈ ಕಿಟಕಿಯ ಪಕ್ಕ ಮಿಷನ್ ತುಳಿದಿದ್ದಳು. ಬೆಳಗಾದರೆ ಬಿಳಿ ವ್ಯಾನು ಎದುರಿನ ರಸ್ತೆಯಲ್ಲಿ ಹಾದುಹೋಗುತ್ತಿತ್ತು. ಕಿಟಕಿಗಳಲ್ಲಿ ನಗುನಗುತ್ತ ಯಾರ್ಯಾರೋ, ಮುಂದೆ ಅವಳ ಗಂಡ. ಅವರೆಲ್ಲ ಕೋಟೆಗೆ ಹೋಗುವವರು, ಇವಳು ಪ್ಯಾಂಟಿನ ಕಾಲಿಗೆ. ಸಂಜೆ ಅವನು ಬಂದ ಕೂಡಲೆ ಕೇಳುತ್ತಿದ್ದಳು, "ಹೇಗಿತ್ತು?" ಅವನು "ಚೆನ್ನಾಗಿತ್ತು" ಎಂದು ಕೈಕಾಲು ತೊಳೆಯಲು ಹೋಗುತ್ತಿದ್ದ. ಊರೆಲ್ಲ ನೋಡಿ ಬಂದವನಿಗೆ ಹೆಂಡತಿಗೆ ಹೇಳಲು ಒಂದೇ ಮಾತು! ಎಲ್ಲ ಒಬ್ಬನೇ ನುಂಗಿ ನೀರು ಕುಡಿಯುತ್ತಾನೆ ಎಂದು ಅವಳ ಹೊಟ್ಟೆ ಉರಿಯುತ್ತಿತ್ತು. ಎಂದಾದರೊಂದು ದಿನ ಅವನೇ ಪಕ್ಕದಲ್ಲಿ ನಡೆಯುತ್ತ, ಇದು ಇದು, ಅದು ಅದು ಎಂದು ತೋರಿಸಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

"ನೋಡಿ ನೋಡಿ ಬೇಜಾರಾಗಿದೆ ಅನ್ನಿ. ನನ್ನ ಜೊತೆ ಒಂದ್ಸಲ ಹತ್ತಿದ್ರೆ ಕಾಲೇನು ಸವೆದು ಹೋಗ್ತಿತ್ತಾ?" ಎಂದಳು. "ಹೋಗಲಿ, ಬಾಯಲ್ಲಾದ್ರೂ ಹೇಳಿ. ಮೊದಲನೇ ಕೋಟೇಲಿ ಏನಿದೆ?"

"ದೊಡ್ಡ ಮರ. ಮಧ್ಯಾಹ್ನದ ತನಕ ಒಳ್ಳೆ ನೆರಳು."

"ಎರಡನೇದು?"

"ಅಲ್ಲಿ ನೆಲ ಇಳಿಜಾರು. ಚಕ್ರಕ್ಕೆ ಕಲ್ಲು ಕೊಡಬೇಕು. ನಲ್ಲಿ ನೀರು ಮಾತ್ರ ತಣ್ಣಗಿರುತ್ತೆ."

"ಮೂರನೇದು?"

"ಅಲ್ಲೊಂದು ಕುಂಟು ನಾಯಿ ಇತ್ತು. ನಾನು ಹೋದಾಗಲೆಲ್ಲ ಬಂದು ಚಕ್ರದ ಪಕ್ಕ ಮಲಗ್ತಿತ್ತು. ಈಗ ಇರಲಿಕ್ಕಿಲ್ಲ, ಪಾಪ."

ಇಸ್ತ್ರಿ ಪೆಟ್ಟಿಗೆ ನಿಂತಿತು. "ಅಣ್ಣ," ಎಂದಳು ನಾದಿನಿ ಮೆಲ್ಲಗೆ, "ನೀನು ಒಂದು ಕೋಟೇನೂ ನೋಡಿಲ್ವಾ?"

"ನೋಡದೆ ಏನು? ಹೊರಗಿಂದ ಎಲ್ಲಾ ನೋಡಿದೀನಿ."

ಮತ್ತೆ ಅವನು ಮಾತಾಡಿದ್ದು ಕೈಯಲ್ಲಿದ್ದ ಷೂ ಜೊತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಮೊದಲ ಬಾಗಿಲವರೆಗೆ ಹತ್ತಿದ್ದನಂತೆ. ಇಳಿದು ಬರುವಷ್ಟರಲ್ಲಿ ವ್ಯಾನಿನ ಗಾಜು ಒಡೆದು ಯಾರದೋ ಬ್ಯಾಗು ಮಾಯ. ಮಾಲೀಕರು ಆರು ತಿಂಗಳು ಸಂಬಳದಲ್ಲಿ ಹಿಡಿದುಕೊಂಡರು. ಆಮೇಲೆ ಗಾಡಿ ಕಣ್ಣಿಂದ ಮರೆಯಾದರೆ ಸಾಕು, ಎದೆ ಹೊಡೆದುಕೊಳ್ಳುತ್ತದೆ.

ಆ ಆರು ತಿಂಗಳು ಟೈಲರಮ್ಮನಿಗೆ ನೆನಪಿತ್ತು. ಸೀಸನ್ ಡಲ್ಲು, ಸಂಬಳ ಕಮ್ಮಿ ಎಂದಿದ್ದ. ಅವಳು ಬೇರೇನೂ ಕೇಳಿರಲಿಲ್ಲ. ಈಗಲೂ ಕೇಳಲಿಲ್ಲ. ಮೇಜಿನ ಮೇಲಿನ ದಾರಿಯನ್ನೇ ನೋಡುತ್ತ ನಿಂತಳು.

"ಮೇಲಿಂದ ಗಾಡಿ ಕಾಣೋ ಅಂಥ ಕೋಟೆ ಯಾವುದೂ ಇಲ್ವಾ?"

"ನಂಗೇನು ಗೊತ್ತು? ಮೇಲೆ ಹೋಗಿದ್ರೆ ತಾನೇ!"

ನಾದಿನಿ ಬಿದ್ದು ಬಿದ್ದು ನಕ್ಕಳು. ಟೈಲರಮ್ಮನೂ ನಕ್ಕಳು. ಅವನು ಮಾತ್ರ ನಗದೆ ಷೂ ಕೆಳಗಿಟ್ಟ. "ಇರು. ಐದನೇದು. ಅಲ್ಲಿ ಗೋಡೆ ಮೇಲೆ ನಿಂತು ಜನ ಕೂಗೋರು, ಡ್ರೈವರ್, ಎಸಿ ಹಾಕಿಡಪ್ಪಾ, ಬಂದ್ವಿ ಅಂತ. ನಂಗೆ ಅವರು ಕಾಣ್ತಿದ್ರು ಅಂದ್ಮೇಲೆ..."

"ಅವರಿಗೆ ಗಾಡಿನೂ ಕಂಡಿರುತ್ತೆ," ಎಂದು ಮುಗಿಸಿದಳು ಟೈಲರಮ್ಮ.

ಐದನೆಯದೊಂದನ್ನು ಬಿಟ್ಟು ಉಳಿದ ಆರು ಗುರುತುಗಳನ್ನು ಅಂಗೈಯಿಂದ ಒರೆಸಿದಳು.

"ಅಯ್ಯೋ ಅತ್ತಿಗೆ, ಏಳೂ ನೋಡಬೇಕು ಅಂತ ಬಾಯಿ ಬಾಯಿ ಬಿಡ್ತಿದ್ಯಲ್ಲ!"

"ಒಬ್ಬಳೇ ಏಳು ನೋಡಿ, ಕೆಳಗೆ ಬಂದು ಇವರಿಗೆ ಚೆನ್ನಾಗಿತ್ತು ಅನ್ನಲಾ?"

ಮುಂದಿನ ವಾರ ಇಬ್ಬರೂ ಐದನೆಯ ಕೋಟೆ ಹತ್ತಿದರು. ಗೋಡೆಯ ಅಂಚಿಗೆ ಬಂದವನೇ ಅವನು ಮೊದಲು ಕೆಳಗೆ ಇಣುಕಿದ. ವ್ಯಾನು ಅಂಗಿಯ ಗುಂಡಿಯಷ್ಟಾಗಿತ್ತು. "ಇದೆ," ಎಂದು ಉಸಿರು ಬಿಟ್ಟ. ಆಮೇಲೆ ತಲೆಯೆತ್ತಿದ. ನದಿ, ನದಿಯನ್ನೇ ಹಿಡಿದುಕೊಂಡು ಹೋಗುವ ಅವನ ರಸ್ತೆ, ಒಂದರ ಹಿಂದೊಂದು ಗುಡ್ಡ, ಅವುಗಳ ತುದಿಯಲ್ಲಿ ಮಸುಕಾಗಿ ಉಳಿದ ಕೋಟೆಗಳು.

"ಹೇಗಿದೆ?" ಎಂದಳು.

ಅವನು ರಸ್ತೆಯ ಕಡೆ ಕೈ ತೋರಿಸಿದ. "ನಮ್ಮ ರಸ್ತೆ ಇಷ್ಟು ಚಂದ ಇದೆ ಅಂತ ಗೊತ್ತೇ ಇರಲಿಲ್ಲ ಕಣೇ."

ವ್ಯಾನು ಮತ್ತೆಂದೂ ಸಿಗಲಿಲ್ಲ. ಮಾಲೀಕರು ಅದನ್ನು ಮಾರಿಬಿಟ್ಟರು. ಒರೆಸಿದ ಸುಣ್ಣದ ಮಸುಕು ಮೇಜಿನ ಮೇಲೆ ಇನ್ನೂ ಇದೆ. ಬಟ್ಟೆ ಹಾಸುವಾಗ ಟೈಲರಮ್ಮನ ಕೈ ಅಲ್ಲಿ ಒಂದು ಗಳಿಗೆ ನಿಲ್ಲುತ್ತದೆ. ಟಿಕೆಟ್ಟಿಗೆ ಆದದ್ದು ನಾಲ್ಕು ಪ್ಯಾಂಟು. ಆರು ಕೋಟೆ ತಪ್ಪಿದವು, ಒಂದು ಸಿಕ್ಕಿತು. ಇಪ್ಪತ್ತಾರು ವರ್ಷ ಸಾಕಿದ್ದ ಹೊಟ್ಟೆಕಿಚ್ಚು ಹೋಯಿತು.