ವಾಚ್ ಕಟ್ಟಿದ ಜೀರುಂಡೆ

ವಿಜ್ಞಾನ ಶಿಬಿರಕ್ಕೆ ಬಂದ ಎರಡನೇ ದಿನಕ್ಕೇ ಆ ಹುಡುಗಿಗೆ ರೇಡಿಯೊ ಎಂಬ ಹೆಸರು ಬಿದ್ದಿತ್ತು. ಓದುತ್ತಿದ್ದುದು ಹತ್ತನೇ ತರಗತಿ. ಹಲ್ಲುಜ್ಜುವಾಗಲೂ ಬಾಯಿಗೆ ಬಿಡುವಿಲ್ಲ. ಮೂರು ವಾರ ಹಾಸ್ಟೆಲಿನಲ್ಲೇ ಉಳಿದು ಕಲಿಯುವ ಶಿಬಿರವದು. ಅಲ್ಲಿಯಾದರೂ ಕಿವಿಗೆ ಸ್ವಲ್ಪ ಕೆಲಸ ಕೊಡು ಎಂದು ಅವಳಮ್ಮ ಬಸ್ ಹತ್ತಿಸುವಾಗ ಹೇಳಿದ್ದಳು.

ಕೋಣೆಯ ಜೊತೆಗಾತಿ ಇವಳಿಗೆ ತದ್ವಿರುದ್ಧ. ಟೈಲರ್ ಮಗಳು; ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಆದರೆ ಕೂದಲೆಳೆಯಂಥ ತಂತಿಗೂ ಕೈ ನಡುಗದೆ ಬೆಸುಗೆ ಹಾಕುತ್ತಿದ್ದಳು. ಅವಳನ್ನು ಎಲ್ಲರೂ ಸೂಜಿ ಎನ್ನುತ್ತಿದ್ದರು.

ರೇಡಿಯೊಗೆ ನುಂಗಲಾರದ ತುತ್ತಾಗಿದ್ದವರು ಭೌತಶಾಸ್ತ್ರದ ಮೇಷ್ಟ್ರು. ಬೆಳಿಗ್ಗೆ ತರಗತಿಗೆ ಬಂದವರೇ ಬೋರ್ಡಿನ ಮೇಲೆ ಒಂದು ಪ್ರಶ್ನೆ ಬರೆದು ಕೂತುಬಿಡುತ್ತಿದ್ದರು. ಹತ್ತು ನಿಮಿಷ ಯಾರೂ ತುಟಿ ಪಿಟಕ್ಕೆನ್ನುವಂತಿಲ್ಲ, ಬರೀ ಯೋಚಿಸಬೇಕು. ಆ ಹತ್ತು ನಿಮಿಷ ರೇಡಿಯೊಗೆ ಹತ್ತು ವರ್ಷ. ಮೂರನೇ ದಿನ ಅವಳಿಗೊಂದು ಉಪಾಯ ಹೊಳೆಯಿತು. ಸೂಜಿಗೆ ಹೇಳಿದಳು. ಸೂಜಿ ಬೆಸುಗೆ ಕಡ್ಡಿಯನ್ನು ಬಿಸಿಗಿಟ್ಟಳು.

ಬೆಂಕಿಪೊಟ್ಟಣದಷ್ಟು ಡಬ್ಬಿ, ಒಳಗೊಂದು ಮೈಕು, ಒಂದು ಪುಟ್ಟ ಸ್ಪೀಕರು. ಸುತ್ತ ಸದ್ದಿದ್ದರೆ ಅದು ಸುಮ್ಮನಿರುತ್ತದೆ. ಸದ್ದಡಗಿದರೆ ಏಳು ಸೆಕೆಂಡಿಗೊಮ್ಮೆ ಜೀರುಂಡೆಯ ಹಾಗೆ ಚಿರ್ರೆನ್ನುತ್ತದೆ. ಅಡಗಿಸಿಟ್ಟಿದ್ದು ಮೇಷ್ಟ್ರ ಮೇಜಿನ ಅಡಿಗೇ. ತಮ್ಮ ಕಾಲ ಬುಡದಲ್ಲಿ ಹುಡುಕುವವರು ಕಡಿಮೆ ಎಂಬುದು ರೇಡಿಯೊ ಲೆಕ್ಕ.

ಲೆಕ್ಕ ತಪ್ಪಲಿಲ್ಲ. ಮೊದಲ ಚಿರ್ರಿಗೇ ಮೇಷ್ಟ್ರು ತಲೆಯೆತ್ತಿದರು. ಎಲ್ಲರೂ ಬೆಂಚಿನಡಿ ಬಗ್ಗಿ ಹುಡುಕಿದರು. ಆ ಗದ್ದಲಕ್ಕೆ ಜೀರುಂಡೆ ಗಪ್‌ಚಿಪ್. ಮತ್ತೆ ಕೂತರೆ ಮತ್ತೆ ಚಿರ್ರ್. ರೇಡಿಯೊ ಮುಖ ಸಪ್ಪೆ ಮಾಡಿಕೊಂಡು ಎದ್ದು ನಿಂತಳು.

"ಸರ್, ನಾವು ಮಾತಾಡ್ತಾ ಇದ್ರೆ ಅದು ಕೂಗಲ್ಲ ಅನ್ಸುತ್ತೆ."

ಮೇಷ್ಟ್ರು ಅವಳನ್ನೇ ಒಂದು ಗಳಿಗೆ ನೋಡಿ, "ಹಾಗಿದ್ರೆ ಮಾತಾಡಿ" ಎಂದರು.

ಮೂರು ದಿನ ತರಗತಿಗೆ ಹಬ್ಬವೋ ಹಬ್ಬ. ಹುಡುಗರು ಹರಟುತ್ತಿದ್ದರೆ ಮೇಷ್ಟ್ರು ಆಗೀಗ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ, ಗಡಿಯಾರ ನೋಡಿ, ಪುಸ್ತಕದಲ್ಲಿ ಏನೋ ಗೀಚಿಕೊಳ್ಳುತ್ತಿದ್ದರು. ರೇಡಿಯೊ ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ.

ನಾಲ್ಕನೇ ದಿನ ಅವರು ಥರ್ಮಾಮೀಟರ್ ಹಿಡಿದು ಬಂದರು. ಕಿಟಕಿ ಮುಚ್ಚಿಸಿ ಫ್ಯಾನ್ ಆರಿಸಿದರು. ಎಲ್ಲರ ಬೆನ್ನಲ್ಲೂ ಬೆವರಿಳಿದ ಮೇಲೆ ಚಿರ್ರುಗಳನ್ನು ಎಣಿಸಿದರು. ಸೆಕೆಗೆ ಜೀರುಂಡೆ ಬೇಗ ಬೇಗ ಕೂಗುತ್ತದೆ, ತಂಪಿಗೆ ನಿಧಾನವಾಗುತ್ತದೆ ಎಂದು ವಿವರಿಸಿದರು.

"ಇದು ಮಾತ್ರ ನಾಲ್ಕು ದಿನದಿಂದ ಏಳು ಸೆಕೆಂಡು ಬಿಟ್ಟು ಕದಲಿಲ್ಲ. ಈ ಹುಳ ಕೈಗೆ ವಾಚ್ ಕಟ್ಟಿದೆ."

ಹಾಗೆಂದವರೇ ಮೇಜಿನಡಿ ಕೈ ಹಾಕಿ ಡಬ್ಬಿಯನ್ನು ಕಿತ್ತು ಮೇಲಿಟ್ಟರು. ತರಗತಿ ಉಸಿರು ಬಿಗಿಹಿಡಿಯಿತು. ಅಷ್ಟು ಮೌನ ಸಿಕ್ಕರೆ ಡಬ್ಬಿ ಬಿಟ್ಟೀತೆ? ಎಲ್ಲರೆದುರೇ ಚಿರ್ರೆಂದಿತು.

ಮೊದಲು ಎದ್ದವಳು ಸೂಜಿ. "ಜೋಡಿಸಿದ್ದು ನಾನು ಸರ್."

"ಐಡಿಯಾ ನಂದು" ಎಂದು ರೇಡಿಯೊ ತಡವರಿಸುತ್ತಾ ಎದ್ದಳು. ಮನೆಗೆ ಫೋನು ಹೋಗುತ್ತದೆ, ಅಮ್ಮ ಬಂದು ಕರೆದೊಯ್ಯುತ್ತಾಳೆ ಎಂದೇ ಅವಳು ಅಂದುಕೊಂಡಿದ್ದಳು. ಮೇಷ್ಟ್ರು ಕೇಳಿದ್ದೇ ಬೇರೆ. ತನ್ನ ಕೂಗು ತನಗೇ ಕೇಳಿಸಿದರೆ ಇದು ಬಾಯಿ ಮುಚ್ಚಬೇಕಲ್ಲ, ಅದಕ್ಕೇನು ಮಾಡಿದಿರಿ ಎಂದರು. ಕೂಗುವಷ್ಟು ಹೊತ್ತು ಮೈಕನ್ನು ಕಿವುಡು ಮಾಡಿದ್ದೇವೆ ಎಂದಳು ಸೂಜಿ. ಮೇಷ್ಟ್ರ ಮೀಸೆಯಡಿ ಏನೋ ಮಿಸುಕಿತು.

"ಸೆಕೆ ಆದ್ರೆ ಬೇಗ ಕೂಗೋ ಹಾಗೆ ಮಾಡಿ. ಶನಿವಾರ ಡೈರೆಕ್ಟರ್ ಮೇಡಂ ಕ್ಲಾಸ್ ನೋಡೋಕೆ ಬರ್ತಾರೆ."

ಶಿಬಿರದ ಡೈರೆಕ್ಟರ್ ಮೇಡಂ ಕೀಟಗಳ ಅಧ್ಯಯನದಲ್ಲೇ ತಲೆ ನರೆಸಿಕೊಂಡವರು. ಅದನ್ನು ಕೇಳಿ ರೇಡಿಯೊಗೆ ಊಟ ಸೇರಲಿಲ್ಲ. ಮೂರು ದಿನ ಇಬ್ಬರೂ ಲ್ಯಾಬ್ ಬಿಟ್ಟು ಕದಲಲಿಲ್ಲ. ಬಿಸಿನೀರಿನ ಲೋಟದ ಪಕ್ಕ ಡಬ್ಬಿಯಿಟ್ಟು ಎಣಿಸಿದ್ದೇ ಎಣಿಸಿದ್ದು. ಎಣಿಸಬೇಕಾದರೆ ಬಾಯಿ ಮುಚ್ಚಿರಲೇಬೇಕು, ರೇಡಿಯೊ ಮುಚ್ಚಿಕೊಂಡಿದ್ದಳು.

ಶನಿವಾರ ಡಬ್ಬಿ ಮತ್ತೆ ಮೇಷ್ಟ್ರ ಮೇಜಿನಡಿ ಸೇರಿತು. ಮೇಡಂ ಹಿಂದಿನ ಬೆಂಚಿನಲ್ಲಿ ಕೂತರು. ಹತ್ತು ನಿಮಿಷದ ಮೌನ ಶುರುವಾಯಿತು. ಚಿರ್ರ್. ಮೇಡಂ ಕನ್ನಡಕ ಸರಿಪಡಿಸಿಕೊಂಡರು. ತಾವೇ ಎದ್ದು ಫ್ಯಾನ್ ಹಾಕಿ, ಆರಿಸಿ, ಬೆರಳು ಮಡಚಿ ಎಣಿಸಿದರು.

"ಗಂಡು ಜೀರುಂಡೆ. ಹೆಣ್ಣನ್ನ ಕರೀತಾ ಇದೆ. ಯಾರೂ ಅಲ್ಲಾಡಬೇಡಿ" ಎಂದು ಪಿಸುಗುಟ್ಟಿ, ಸೀರೆ ಸೆರಗು ಸಿಕ್ಕಿಸಿಕೊಂಡು, ಅಂಬೆಗಾಲಲ್ಲಿ ಬೆಂಚುಗಳ ನಡುವೆ ಹೊರಟರು.

ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ನಿಂತಿದ್ದರು. ಅವರ ಭುಜ ಕುಲುಕುತ್ತಿತ್ತು. ಕೊನೆಗೆ ಮೇಡಂ ಕೈಗೆ ಡಬ್ಬಿ ಸಿಕ್ಕಿತು. ನೆಲದ ಮೇಲೇ ಕೂತು ತಿರುಗಿಸಿ ಮುರುಗಿಸಿ ನೋಡಿದರು. ಯಾರದು, ಯಾವಾಗ ಕೂಗುತ್ತದೆ ಎಂದು ರೇಡಿಯೊ ಬಾಯಿಂದ ಕೇಳಿ ತಿಳಿದು, ಇಬ್ಬರು ಹುಡುಗಿಯರನ್ನೂ ಅಡಿಯಿಂದ ಮುಡಿಯವರೆಗೆ ಅಳೆದರು.

"ಇದು ನನ್ನ ಹತ್ರ ಇರ್ಲಿ. ಈಗ ಆಫೀಸ್ ಸಿಬ್ಬಂದಿ ಮೀಟಿಂಗ್ ಇದೆ. ನಾನು ಏನಾದ್ರೂ ಕೇಳಿದ್ರೆ ಅಲ್ಲಿ ಒಬ್ರೂ ಬಾಯಿ ಬಿಡಲ್ಲ."

ಡಬ್ಬಿಯನ್ನು ಕೈಚೀಲಕ್ಕೆ ಹಾಕಿಕೊಂಡು ಅವರು ಹೊರಟುಹೋದರು. ಆಮೇಲೆ ಸೂಜಿ ಆ ದಿನದ ಮೊದಲ ಮಾತಾಡಿದಳು.

"ಜಾಗ ಸಾಲ್ಲಿಲ್ಲ ಅಂತ ಆಫ್ ಮಾಡೋ ಸ್ವಿಚ್ ತೆಗ್ದುಬಿಟ್ಟಿದ್ದೆ."

ಮೇಡಂಗೆ ಹೇಳಿಬಿಡಲು ರೇಡಿಯೊ ಬಾಗಿಲಿಗೆ ಓಡಲೆಂದು ಎದ್ದಳು. ಮೇಷ್ಟ್ರು ಸೀಮೆಸುಣ್ಣ ಕೈಗೆತ್ತಿಕೊಂಡು, ಕೂತ್ಕೊಳಮ್ಮ, ಪಾಠ ಶುರು ಮಾಡೋಣ ಎಂದರು.