ನಾಲ್ಕು ಮೂಲೆಯ ಗಂಟು

ಹೇಳಿಬಿಡಲೇ, ಇಲ್ಲ ಇವತ್ತೂ ಅದೇ ಸುಳ್ಳನ್ನು ಒಪ್ಪಿಸಲೇ? ಹನ್ನೆರಡನೇ ಕೋಣೆಗೆ ಇನ್ನು ಏಳೇ ಮೆಟ್ಟಿಲು. ಹಿಂದೆ ಒಂಬತ್ತು ಅತಿಥಿಗಳು, ಅವರ ಹಿಂದೆ ಮ್ಯಾನೇಜರ್.

ದೊರೆಗಳ ಕಾಲದಲ್ಲಿ ಕಟ್ಟಿದ ಈ ಹೋಟೆಲನ್ನು ಅತಿಥಿಗಳಿಗೆ ಸುತ್ತಿ ತೋರಿಸುವುದು ಅವನ ಕೆಲಸ. ರಾಜಧಾನಿಗೆ ಬಂದ ದೊಡ್ಡವರೆಲ್ಲ ಇಳಿಯುವುದು ಇಲ್ಲೇ, ಕೇಳಿ ಪಡೆಯುವುದು ಹನ್ನೆರಡನೇ ಕೋಣೆಯನ್ನೇ. ದೊರೆಸಾನಿಯ ಮುತ್ತಿನ ಸರ ಕದ್ದು, ಸಿಕ್ಕಿಬಿದ್ದು, ಬಾಲ್ಕನಿಯಿಂದ ಹಾರಿ ಸತ್ತ ಕೆಲಸದವಳು ಅಲ್ಲಿ ದೆವ್ವವಾಗಿ ಓಡಾಡುತ್ತಾಳೆ. ನಾಲ್ಕು ವರ್ಷದಿಂದ ಅವನು ಈ ಕತೆಯನ್ನು ದನಿ ತಗ್ಗಿಸಿ ಹೇಳುತ್ತ ಬಂದಿದ್ದಾನೆ. ಆ ಕೆಲಸದವಳು ಅವನ ಅಜ್ಜಿ. ಅವಳು ಸತ್ತದ್ದು ಎಂಬತ್ತೆರಡನೇ ವಯಸ್ಸಿನಲ್ಲಿ, ಮನೆಯ ಮಂಚದ ಮೇಲೆ. "ನಾನು ಕದ್ದಿಲ್ಲ ಮಗಾ" ಎಂದು ಅವಳು ಅಂದಾಗಲೆಲ್ಲ ಅವನು ಹೂಂ ಎಂದು ಸುಮ್ಮನಾಗುತ್ತಿದ್ದ.

ಮಾಸಿದ ಬಟ್ಟೆಯನ್ನು ಮಹಡಿಯಿಂದ ಒಗೆಯುವ ಮನೆಗೆ ಬೀಳಿಸುವ ಹಳೆಯ ಮರದ ಕೊಳವೆಯನ್ನು ಮೊನ್ನೆ ಗಾರೆಯವನು ದುರಸ್ತಿಗೆಂದು ಒಂದು ಕಡೆ ಒಡೆದಾಗ, ಹಲಗೆಯ ಸಂದಿನಲ್ಲಿ ಆ ಸರ ಸಿಕ್ಕಿತು.

ಮ್ಯಾನೇಜರ್ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. "ಯಾರೂ ಬಾಯಿ ಬಿಡಬೇಡಿ. ಕಳ್ಳಿ ಹೋದ್ರೆ ದೆವ್ವ ಹೋಯ್ತು. ದೆವ್ವ ಹೋದ್ರೆ ಆ ರೂಮ್ ಯಾರಿಗ್ರೀ ಬೇಕು?"

"ಇಲ್ಲಿ ನಮಗಿಂತ ದೆವ್ವಕ್ಕೇ ಮರ್ಯಾದೆ ಜಾಸ್ತಿ ಬಿಡಪ್ಪ" ಎಂದಿದ್ದಳು ಹಾಸಿಗೆ ಬದಲಿಸುವ ಅಕ್ಕ.

ಈಗ ಅದೇ ಅಕ್ಕ ಹನ್ನೆರಡನೇ ಕೋಣೆಯಲ್ಲಿ ಬೆಡ್‌ಶೀಟು ತೆಗೆಯುತ್ತಿದ್ದಳು.

"ಕೊಡವಿ ತೆಗೀರಿ ಅಕ್ಕ" ಎಂದ ಅವನು, ಅತಿಥಿಗಳಿಗೂ ಕೇಳುವಂತೆ.

"ಕೊಡವೋದಾ? ರೂಮೆಲ್ಲ ಧೂಳು ಮಾಡ್ಲಾ? ನಾಲ್ಕು ಮೂಲೆ ಸೇರಿಸು, ಗಂಟು ಕಟ್ಟು, ಕೊಳವೆಗೆ ಹಾಕು. ಈ ಹೋಟೆಲ್ ಹುಟ್ಟಿದಾಗಿಂದ ಇದೇ ರೂಲು. ಹೊಸಬನ ಥರ ಕೇಳ್ತೀಯಲ್ಲ."

ಅವನಿಗೆ ಗೊತ್ತಿತ್ತು. ಅಜ್ಜಿ ತನ್ನ ಮನೆಯಲ್ಲೂ ಕೊನೆಯತನಕ ಒಂದು ಹಾಸಿಗೆಬಟ್ಟೆ ಕೊಡವಿದವಳಲ್ಲ.

ಅವನು ಅಕ್ಕನ ಕೈಯಿಂದ ಗಂಟನ್ನು ತೆಗೆದುಕೊಂಡು ಅತಿಥಿಗಳತ್ತ ತಿರುಗಿದ. ಈ ಸಲ ದನಿ ತಗ್ಗಿಸಲಿಲ್ಲ.

"ದೊರೆಸಾನಿ ಸರವನ್ನ ದಿಂಬಿನ ಕೆಳಗಿಟ್ಟು ಮರೆತ್ರು. ಕೆಲಸದವಳು ರೂಲಿನ ಪ್ರಕಾರ ಕೊಡವದೆ ಹೀಗೇ ಗಂಟು ಕಟ್ಟಿದ್ಲು. ಗಂಟಿನ ಬಾಯಿಂದ ಸರ ಜಾರಿ ಕೊಳವೇಲಿ ಸಿಕ್ಕಿಕೊಳ್ತು. ಈಗ ಮ್ಯಾನೇಜರ್ ಸಾಹೇಬರ ಬೀರುವಿನಲ್ಲಿದೆ. ಇಲ್ಲಿ ಯಾರೂ ಕದ್ದಿಲ್ಲ, ಯಾರೂ ಹಾರಿಲ್ಲ."

ಒಬ್ಬ ಹೆಂಗಸು ಕೇಳಿದಳು: "ಹಾಗಾದ್ರೆ ಅವಳೇನಾದ್ಲು?"

"ಕಳ್ಳಿ ಅಂತ ಹೊರಗೆ ಹಾಕಿದ್ರು. ಕಂಡವರ ಬಟ್ಟೆ ಒಗೆದು ಸಂಸಾರ ಸಾಕಿದ್ರು, ಅವರು."

ಮ್ಯಾನೇಜರ್ ಹತ್ತಿರ ಬಂದರು. "ಅವರು ಅಂತೆ! ನಾಳೆಯಿಂದ ನೀವು ಬರೋದು ಬೇಡ."

"ಆಗ್ಲಿ ಸಾರ್. ಇವತ್ತಿನ ಸುತ್ತು ಇನ್ನೂ ಅರ್ಧ ಇದೆ. ಸ್ವಲ್ಪ ದಾರಿ ಬಿಡಿ."

ಮ್ಯಾನೇಜರ್ ಸರಿದು ನಿಂತರು. ಒಂಬತ್ತು ಜನರೂ ಅವನ ಹಿಂದೆ ಮೆಟ್ಟಿಲಿಳಿದರು. ಗಂಟು ಇನ್ನೂ ಅವನ ಕೈಯಲ್ಲೇ ಇತ್ತು.

ನಿನ್ನ ಮಾತು ನಂಬುತ್ತೇನೆ ಎಂದು, ಅಜ್ಜಿ ಇದ್ದಾಗ, ಅವನು ಒಮ್ಮೆಯೂ ಹೇಳಿರಲಿಲ್ಲ.