ಕಾಗದದ ವಯಸ್ಸು

ಈ ಗುಮಾಸ್ತ ಪಿನ್ನಕ್‌ನ ಹೆಬ್ಬೆರಳು ಮಸಿಯಾಗಿದೆ, ಒರೆಸಿಕೊಳ್ಳಬಾರದೇ, ಬೆಳಗ್ಗೆ ಒಂಬತ್ತರಿಂದ ಲೇಖನಿ ಹಿಡಿದು ಗೀಚುತ್ತಲೇ ಇದ್ದಾನೆ, ಗೀಚಲಿ, ಇವನು ಹುಟ್ಟುವ ಮೊದಲೇ ನಾನು ಲೆಫ್ಟಿನೆಂಟ್, ಹನ್ನೊಂದು ದಿನದಿಂದ ಈ ನೌಕಾ ಕಚೇರಿಯಲ್ಲಿ ಕಾದು ಕಾದು ಬೆನ್ನು ಹಲಗೆಯಾಗಿದೆ — ಪಾಪ, ಬಾಗಿಲ ಕಾವಲಿನವನು ಇವತ್ತು ಕುರ್ಚಿಯನ್ನು ಬೆಂಕಿಯ ಹತ್ತಿರ ಎಳೆದುಕೊಟ್ಟ, ಕೂತ್ಕೊಳ್ಳಿ ಲಸ್ಕಂ ಸಾಹೇಬ್ರೇ, ಮೊಣಕಾಲು ಬೆಚ್ಚಗಾಗ್ಲಿ, ಬಿಸ್ಕತ್ತೂ ಕೊಟ್ಟ, ನಾನು ಹಡಗಿನ ಅಭ್ಯಾಸದಂತೆ ಅದನ್ನು ಮೇಜಿಗೆ ಕುಟ್ಟಿ ಹುಳ ಬೀಳಲೆಂದು ಕಾದೆ, ಅವನು ನಗಲಿಲ್ಲ, ಮುಖ ತಿರುಗಿಸಿಕೊಂಡ, ಲಂಡನ್ನಿನ ಬಿಸ್ಕತ್ತಿನಲ್ಲಿ ಹುಳ ಎಲ್ಲಿಂದ ಬರಬೇಕು. ನಲವತ್ತು ವರ್ಷ, ಏಳು ಹಡಗು, ಜಮೈಕಾದ ಜ್ವರ ಎರಡು ಸಲ, ನಾನು ಗಂಟು ಹಾಕಲು ಕಲಿಸಿದ ಪುಂಡರೆಲ್ಲ ಕ್ಯಾಪ್ಟನ್‌ಗಳಾಗಿ ಇದೇ ಬಾಗಿಲಲ್ಲಿ ಬೀಗುತ್ತ ಹೋಗುತ್ತಾರೆ, ಓಹೋ ಲಸ್ಕಂ, ಇನ್ನೂ ಬದುಕಿದ್ದೀಯಾ, ಇದ್ದೀನಪ್ಪ, ನೀನು ಹಾಕಿದ ಗಂಟು ಬಿಚ್ಚಿಹೋದಾಗ ಯಾರಾದ್ರೂ ಬೇಕಲ್ಲ. ನನಗೆ ಕ್ಯಾಪ್ಟನ್ ಪಟ್ಟ ಬೇಡ, ಇದೊಂದು ಹಡಗು ಸಾಕು, ಬುಧವಾರ ಪ್ಲಿಮತ್‌ನಿಂದ ಹೊರಡುತ್ತದೆ, ಅದಕ್ಕೆ ಎರಡನೇ ಲೆಫ್ಟಿನೆಂಟ್ ಇನ್ನೂ ಸಿಕ್ಕಿಲ್ಲ, ಇದೂ ತಪ್ಪಿದರೆ ಇನ್ನು ದಡವೇ ಗತಿ, ಅಕ್ಕನ ಮನೆಯ ಕಿಟಕಿ, ಅಕ್ಕನ ಕೋಳಿಗಳು — ಸಾಹೇಬ್ರೇ, ಒಂದು ತೊಂದ್ರೆ ಇದೆಯಲ್ಲ, ಅನ್ನುತ್ತಾನೆ ಪಿನ್ನಕ್, ಆ ಹಡಗಿನ ಕ್ಯಾಪ್ಟನ್ರು ಅರವತ್ತು ತುಂಬಿದವ್ರು ಬೇಡ ಅಂದಿದ್ದಾರೆ, ಕಾಗದದಲ್ಲಿ ನಿಮ್ಗೆ ಹೋದ ತಿಂಗ್ಳೇ ತುಂಬಿದೆ. ಕಾಗದದಲ್ಲಿ! ಐವತ್ತಾರು ಕಣೋ ನನಗೆ, ಐವತ್ತಾರು — ಅಯ್ಯೋ ಸೋದರಮಾವ, ನಿನ್ನ ಅಕ್ಕರೆಗೆ ಬೆಂಕಿ ಬೀಳಲಿ. ಲೆಫ್ಟಿನೆಂಟ್ ಪರೀಕ್ಷೆಗೆ ಇಪ್ಪತ್ತಾಗಬೇಕಿತ್ತು, ನನಗೆ ಹದಿನಾರು, ಎಲ್ರೂ ಮಾಡ್ತಾರೆ ಕಣೋ ಏಮಸ್, ಎಂದು ಮಾವ ಪರೀಕ್ಷೆಯ ಕೋಣೆಯ ಹೊರಗೇ ಮಂಡಿಯ ಮೇಲೆ ಕಾಗದವಿಟ್ಟು ಊರಿನ ಪಾದ್ರಿಯ ಹೆಸರಿನಲ್ಲಿ ನನ್ನ ಜನನಪತ್ರ ಗೀಚಿದ, ಊದು, ಊದು, ಒಣಗ್ಲಿ — ಎಲ್ಲಿ ಒಣಗುತ್ತದೆ. ಒಳಗೆ ಪರೀಕ್ಷೆ ಮಾಡುತ್ತಿದ್ದ ಕ್ಯಾಪ್ಟನ್ ಟ್ರೆವಿನ್ ಪತ್ರ ಹಿಡಿದರು, ಹೆಬ್ಬೆರಳು ಕಪ್ಪಾಯಿತು, ಬೆರಳನ್ನು ನೋಡಿದರು, ನನ್ನನ್ನು ನೋಡಿದರು, ಇಪ್ಪತ್ತು ವರ್ಷದ ಕಾಗದ, ನಿಮ್ಮಮ್ಮ ಎಷ್ಟು ಹೊಸದಾಗಿ ಇಟ್ಟಿದ್ದಾರಪ್ಪ, ಎಂದವರೇ ಕೈಯನ್ನು ಜೇಬಿಗೆ ಸೇರಿಸಿ, ಸರಿ, ಬಿರುಗಾಳೀಲಿ ಹಾಯಿ ಹರಿದ್ರೆ ಏನ್ಮಾಡ್ತೀಯ ಹೇಳು, ಎಂದರು. ಈಗ ಪಿನ್ನಕ್ ಬಾಗಿ ಪಿಸುಗುಡುತ್ತಾನೆ, ತಪ್ಪು ವಯಸ್ಸು ಅಂತ ನೀವೇ ಹೇಳ್ಬಿಡಿ ಸಾಹೇಬ್ರೇ, ತಿದ್ಕೊಡ್ತೀನಿ, ನಿಮ್ ಕೆಲ್ಸಕ್ಕೆ ಏನೂ ಆಗಲ್ಲ, ಪಾಸು ಮಾಡಿದವ್ರ ಸಹಿ ಪಕ್ಕ ಸುಳ್ಳು ಪತ್ರ ಒಪ್ಪಿದ್ರು ಅಂತ ಒಂದು ಸಾಲು, ಅಷ್ಟೇ. ಅಷ್ಟೇ! ಒಳ್ಳೆಯ ಹುಡುಗ, ಎಂಥ ಹಾಳು ಅಷ್ಟೇ, ಟ್ರೆವಿನ್ ಸತ್ತು ಎಷ್ಟೋ ವರ್ಷವಾಯಿತು, ಅವರ ಮಗಳು ಪ್ರತಿ ಕ್ರಿಸ್‌ಮಸ್‌ಗೂ ಹೆಣೆದು ಕಳಿಸುವ ಉಣ್ಣೆಯ ಕಾಲುಚೀಲ ಈಗಲೂ ನನ್ನ ಕಾಲಲ್ಲಿದೆ, ಬುಧವಾರ, ಪ್ಲಿಮತ್, ಒಂದೇ ಮಾತು, ಐವತ್ತಾರು, ಬೇಗ ಹೇಳಿ ಸಾಹೇಬ್ರೇ, ಅವನು ನನ್ನ ಹಳೆಯ ಪತ್ರವನ್ನು ನನ್ನತ್ತ ತಿರುಗಿಸುತ್ತಾನೆ — ಅರವತ್ತೇ ಕಣಪ್ಪ, ಸರಿಯಾಗೇ ಇದೆ, ಅನ್ನುತ್ತಿದ್ದೇನೆ, ಪತ್ರದ ಅಂಚಿನಲ್ಲಿ, ಗೆರೆ ಗೆರೆಯಾಗಿ, ಇನ್ನೂ ಕಪ್ಪಗೆ, ಟ್ರೆವಿನ್ ಅವರ ಆ ಹೆಬ್ಬೆರಳು